ಗೌಡರ ಬಾವಿಯ ಒಂದು ಚರಿಗೆ ನೀರು

ನಾನು ಬಂದಿಳಿದ ದಿನ ಆ ಮನೆಯ ಪಡಸಾಲೆಯಲ್ಲಿ ಒಬ್ಬಳು ಹುಡುಗಿ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅವಳ ಕಣಕಾಲಿನಿಂದ ಬಿಳಿಯ ದಾರವೊಂದು ಹೊರಗೆ ಬಂದು ಹತ್ತಿಕಡ್ಡಿಯ ತುಂಡಿಗೆ ಸುತ್ತಿಕೊಂಡಿತ್ತು. ಗಾಯಕ್ಕೆ ಕಟ್ಟಿದ ಬಟ್ಟೆಯ ಎಳೆ ಬಿಚ್ಚಿಕೊಂಡಿರಬೇಕೆಂದು, "ನಿಮ್ಮ ಕಾಲಲ್ಲಿ ದಾರ ನೇತಾಡ್ತಿದೆ" ಎಂದೆ.

ಅವಳು ನಕ್ಕಳು. "ದಾರ ಅಲ್ರಿ ಅದು. ಅದಕ್ಕ ಜೀವ ಐತಿ. ಕುಂದರ್ರಿ."

ನಾನು ಕುಳಿತುಕೊಳ್ಳಲಿಲ್ಲ. ಕಂಬ ಹಿಡಿದುಕೊಂಡು ನಿಂತೆ. ಮೈಸೂರಿನಲ್ಲಿ ಆ ಹುಳು ಗಾಜಿನ ಸೀಸೆಯಲ್ಲಿ, ಔಷಧದ ನೀರಿನಲ್ಲಿ ಮಡಿಚಿಕೊಂಡು ಬಿದ್ದದ್ದನ್ನು ನಾನು ನೋಡಿದ್ದೆ. ಅದರ ಬಗ್ಗೆ ವೈದ್ಯರು ಬರೆದ ವರದಿಗಳನ್ನೂ ಓದಿದ್ದೆ. ಅದನ್ನೇ ಹುಡುಕಿಕೊಂಡು ಎರಡು ಕಡೆ ಗಾಡಿ ಬದಲಿಸಿ, ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಎತ್ತಿನ ಬಂಡಿಯಲ್ಲಿ ಧೂಳು ಕುಡಿಯುತ್ತ ಇಲ್ಲಿಗೆ ಬಂದಿದ್ದೆ. ಆದರೂ ಶೇಂಗಾ ಸುಲಿಯುತ್ತ ನಗುವ ಹುಡುಗಿಯ ಕಾಲಿನಲ್ಲಿ ಅದು ಇರುತ್ತದೆಂದು ನನಗೆ ಹೊಳೆದಿರಲಿಲ್ಲ.

ಊರು ತಾಂಬಾದ ಆಚೆಗಿದೆ. ಹೆಸರು ಬರೆಯುವುದಿಲ್ಲ, ಅಲ್ಲಿ ನಾನು ಇನ್ನೂ ಮುಖ ತೋರಿಸಬೇಕು. ರಾಜ್ಯ ಒಂದಾದ ಹೊಸತು. ಮೈಸೂರಿನಲ್ಲಿ ನಮ್ಮ ಪ್ರೊಫೆಸರರಿಗೆ ಒಂದು ಆಸೆ ಹುಟ್ಟಿತ್ತು: ಒಂದು ಊರಿನ ನೀರನ್ನು ಎಲ್ಲ ಕಡೆಯಿಂದಲೂ ಓದಬೇಕು. ನೀರಿನ ಮೇಲೆ ಹಕ್ಕು ಯಾರದು ಎಂದು ಕಾನೂನಿನವರು, ನೆಲ-ನೀರಿನ ಗುಣವೇನೆಂದು ವಿಜ್ಞಾನದವರು, ಅದರಿಂದ ಬರುವ ರೋಗವೇನೆಂದು ವೈದ್ಯರು, ಜನ ಅದನ್ನು ಹೇಗೆ ನಂಬುತ್ತಾರೆ, ಹೇಗೆ ಹಂಚಿಕೊಳ್ಳುತ್ತಾರೆ ಎಂದು ಚರಿತ್ರೆ ಓದಿದವರು. ಚರಿತ್ರೆಯವಳು ನಾನು. ಉಳಿದ ಮೂವರೂ ಬಂದು ಹೋಗುವವರು. ಇದ್ದು ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಮನೆ ಸಿಕ್ಕುವುದು ಸುಲಭವಾಗಿರಲಿಲ್ಲ. ಮದುವೆಯಾಗದ ಹೆಂಗಸು, ಕೈಯಲ್ಲಿ ಪೆನ್ನು, ಬಾಯಲ್ಲಿ ಪ್ರಶ್ನೆ. ಯಾರು ಬಾಗಿಲು ತೆಗೆದಾರು? ಕೊನೆಗೆ ಹುಸೇನಬಿ ಎಂಬ ವಿಧವೆ ತಮ್ಮ ಮನೆಯ ಮುಂದಿನ ಕೋಣೆ ಕೊಟ್ಟರು. ತಲೆಮಾರುಗಳಿಂದ ಆ ಊರಿನಲ್ಲೇ ಒಕ್ಕಲುತನ ಮಾಡಿಕೊಂಡ ಮನೆತನ. ಮಗ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ. ಕಾಲಿನಲ್ಲಿ ನಾರು ಸುತ್ತಿಕೊಂಡು ಕುಳಿತ ಹುಡುಗಿ ಮೈರುನ್, ಸಿಂದಗಿ ಕಡೆಯಿಂದ ಬಂದ ಸೊಸೆ. 'ನಾರು' ಎಂದರೆ ಆ ಹುಳು. ದಿನಕ್ಕೆ ಒಂದಿಷ್ಟು ಹೊರಗೆ ಬರುತ್ತದೆ, ಬಂದಷ್ಟನ್ನು ಕಡ್ಡಿಗೆ ಸುತ್ತುತ್ತ ಹೋಗಬೇಕು. ಎಳೆದರೆ ಒಳಗೇ ಹರಿದು ಕಾಲಿಗೆ ಬಾವು ಬರುತ್ತದೆ.

ಭಾಷೆ ನನ್ನದೇ ಎಂದುಕೊಂಡು ಬಂದವಳಿಗೆ ಮೊದಲ ಪೆಟ್ಟು ಭಾಷೆಯಿಂದಲೇ ಬಿತ್ತು. ಬಾವಿಯ ದಾರಿಯಲ್ಲಿ ಇಬ್ಬರು ಹೆಂಗಸರು ನನ್ನನ್ನು ನೋಡಿ, "ಸುಳ್ಳ ಅಡ್ಡಾಡತಾಳ ನೋಡ" ಎಂದರು. ಸುಳ್ಳುಗಾತಿ ಎಂದರೆಂದು ನನಗೆ ಅಳು ಬಂತು. ವಾರಗಟ್ಟಲೆ ಆ ಇಬ್ಬರಿಂದ ಮುಖ ತಪ್ಪಿಸಿಕೊಂಡೆ. 'ಸುಳ್ಳ' ಎಂದರೆ ಇಲ್ಲಿ 'ಸುಮ್ಮನೆ' ಎಂದು ಮೈರುನ್ ಆಮೇಲೆ ತಿಳಿಸಿದಳು. ನಮ್ಮ ಕಡೆ "ಸ್ವಲ್ಪ ನೀರು ಕೊಡ್ತೀರಾ?" ಎಂದು ಕೇಳುತ್ತೇವೆ; ಇಲ್ಲಿ "ನೀರ ಕೊಡ್ರಿ" ಎನ್ನುತ್ತಾರೆ. ಬೈದ ಹಾಗೆ ಕೇಳಿಸುತ್ತದೆ, ಬೈದದ್ದಲ್ಲ. ನನ್ನ ಮೆತ್ತಗಿನ ಮಾತೇ ಅವರಿಗೆ ಅನುಮಾನದ್ದಾಗಿ ಕಾಣುತ್ತಿತ್ತು. "ಇಷ್ಟು ಸಣ್ಣಗ ಯಾಕ ಮಾತಾಡ್ತೀರಿ ಅಕ್ಕಾರ? ಏನ್ ಮುಚ್ಚಿಡಾಕತ್ತೀರಿ?" ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಅಕ್ಕಾರು ಎಂದರೆ ಸಾಲಿಯಲ್ಲಿ, ಶಾಲೆಯಲ್ಲಿ, ಕಲಿಸುವ ಹೆಂಗಸು. ಓದಿದ ಹೆಣ್ಣಿಗೆ ಅವರಲ್ಲಿ ಇದ್ದ ಹೆಸರು ಅದೊಂದೇ.

ಅನ್ನಕ್ಕಾಗಿ ಜೀವ ಹಂಬಲಿಸುತ್ತಿತ್ತು. ಇಲ್ಲಿ ದಿನವೂ ಬಿಳಿಜೋಳದ ರೊಟ್ಟಿ, ಪುಂಡಿಸೊಪ್ಪಿನ ಪಲ್ಲೆ, ಶೇಂಗಾಹಿಂಡಿ. ಮೊದಲ ತಿಂಗಳು ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ಕಡಿಯುತ್ತಿದ್ದೆ. ಹುಸೇನಬಿ ನೋಡಿ ನೋಡಿ, ಒಂದು ದಿನ ಬಿಸಿ ರೊಟ್ಟಿಯನ್ನು ಅಂಗೈಯಲ್ಲಿ ಮಡಿಚಿ ಕೊಟ್ಟು, "ಹಿಂಗ ತಿನ್ನಬೇಕವ್ವಾ. ಜಗಳಾ ಮಾಡಬ್ಯಾಡ ಅದರ ಸಂಗಾಟ" ಎಂದರು. ನನ್ನ ಅಮ್ಮನಿಗೆ ಕಾಗದ ಬರೆಯುವಾಗ ಯಾರ ಮನೆಯಲ್ಲಿ ಉಣ್ಣುತ್ತೇನೆಂದು ಮಾತ್ರ ಬರೆಯಲಿಲ್ಲ. ಅಮ್ಮ ಕೇಳಲೂ ಇಲ್ಲ. ಕೇಳದಿರುವುದರಲ್ಲೇ ಎಲ್ಲ ತಿಳಿದುಕೊಳ್ಳುವ ಸ್ವಭಾವ ಅವರದು.

ಊರಿಗೆ ಕುಡಿಯುವ ನೀರು ಒಂದೇ ಬಾವಿಯದು. ಮೆಟ್ಟಿಲು ಇಳಿದು, ನೀರಿನಲ್ಲಿ ಮೊಣಕಾಲುಮಟ ನಿಂತು ಕೊಡ ತುಂಬಬೇಕು. ನಾರು ಬಂದ ಕಾಲು ನೀರಿಗೆ ಇಳಿದರೆ ಹುಳು ತನ್ನ ಮರಿಗಳನ್ನು ಅಲ್ಲಿ ಬಿಡುತ್ತದೆ. ಅವನ್ನು ನೀರಿನ ಸಣ್ಣ ಕೀಟಗಳು ನುಂಗುತ್ತವೆ, ಆ ನೀರನ್ನು ಮನುಷ್ಯರು ಕುಡಿಯುತ್ತಾರೆ. ಹೆಚ್ಚುಕಡಿಮೆ ವರ್ಷ ಕಳೆದ ಮೇಲೆ ಹುಳು ಮೈಯಿಂದ ಹೊರಗೆ ಬರುತ್ತದೆ. ದಟ್ಟ ಬಟ್ಟೆಯಲ್ಲಿ ಸೋಸಿದರೆ ಸಾಕು. ನಾನು ಬಂದ ದಿನದಿಂದ ಸೋಸಿಯೇ ಕುಡಿಯುತ್ತಿದ್ದೆ. ಮೈರುನ್‌ಗೆ ಭೂತಗನ್ನಡಿಯಲ್ಲಿ ಆ ಕೀಟವನ್ನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಇಷ್ಟ ಸಣ್ಣದರಾಗ ಇಷ್ಟ ಉದ್ದಂದು ಹೆಂಗ ಇರ್ತೈತ್ರಿ?" ಎಂದಳು. ಉಷ್ಣಕ್ಕೆ ನರ ಬಿಚ್ಚಿ ಹೊರಗೆ ಬರುತ್ತದೆ ಎಂಬುದು ಊರಿನ ನಂಬಿಕೆ. ವರ್ಷದ ಹಿಂದೆ ಕುಡಿದ ನೀರಿನ ಮೇಲೆ ಇವತ್ತಿನ ಹುಣ್ಣಿನ ತಪ್ಪು ಹೊರಿಸುವವಳನ್ನು ಯಾರು ನಂಬಬೇಕು?

ಇನ್ನೊಂದು ತೊಡಕಿತ್ತು. ಬಾವಿ ಇದ್ದದ್ದು ಮಲ್ಲನಗೌಡರ ಹೊಲದ ಅಂಚಿನಲ್ಲಿ. ಆ ಹೊಲವನ್ನು ಉಳುತ್ತಿದ್ದವನು ಶಿವಪ್ಪ. ಇನ್ನೊಬ್ಬರ ಹೊಲ ಉಳುವವನಿಗೆ ಇಲ್ಲಿ 'ಕುಳ' ಎನ್ನುತ್ತಾರೆ. ಕುಳದ ಕಾಯ್ದೆ ಬಂದು, ಉಳುವವನಿಗೇ ಹೊಲ ಸಲ್ಲಬಹುದೆಂಬ ಸುದ್ದಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ಕಟ್ಟೆಗಳಲ್ಲೆಲ್ಲ ಓಡಾಡುತ್ತಿತ್ತು. ಗೌಡರಿಗೂ ಶಿವಪ್ಪನಿಗೂ ಇಂಡಿಯ ಕೋರ್ಟಿನಲ್ಲಿ ವ್ಯಾಜ್ಯ ಶುರುವಾಗಿತ್ತು. ಅಂಥ ಹೊತ್ತಿನಲ್ಲಿ ನಾನು ಹೋಗಿ ಮುಗ್ಧವಾಗಿ ಕೇಳಿದ ಪ್ರಶ್ನೆ: "ಈ ಬಾವಿ ಯಾರದು?"

ಗೌಡರ ಕಡೆಯವರು ನನ್ನನ್ನು ಶಿವಪ್ಪನ ವಕೀಲರು ಕಳಿಸಿದವಳೆಂದುಕೊಂಡರು. ಶಿವಪ್ಪನ ಕಡೆಯವರು ಗೌಡರೇ ಕರೆಸಿದವಳೆಂದುಕೊಂಡರು. ಎರಡು ಕಡೆಯಿಂದಲೂ ಚಹಾ ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ.

ಅನುಮಾನ ಅಂಟುರೋಗ. ನನಗೂ ಹತ್ತಿತು. ಹುಸೇನಬಿ ದಿನಾ ಸಂಜೆ ಸೆರಗು ಹೊದ್ದು ಗೌಡರ ವಾಡೆಗೆ ಹೋಗಿ ಬರುತ್ತಿದ್ದರು. ಹಾಲಿಗೆ ಎನ್ನುತ್ತಿದ್ದರು. ಆದರೆ ಬರುವಾಗ ಎಷ್ಟೋ ಸಲ ಕೈಯಲ್ಲಿ ಪಾತ್ರೆ ಇರುತ್ತಿರಲಿಲ್ಲ. ವಿಜ್ಞಾನದವರಿಗಾಗಿ ಬಾವಿಯಿಂದ ತುಂಬಿ ತಂದು ನನ್ನ ಕೋಣೆಯ ಟ್ರಂಕಿನ ಮೇಲಿಟ್ಟ ನೀರಿನ ಸೀಸೆಗಳು ಇಟ್ಟ ಹಾಗೆ ಇರುತ್ತಿರಲಿಲ್ಲ. ನಾನು ಮಾತು ಕಡಿಮೆ ಮಾಡಿದೆ. ಕೋಣೆಗೆ ಬೀಗ ಹಾಕಲು ಶುರುಮಾಡಿದೆ. ಆ ಬೀಗ ನೋಡಿದ ದಿನ ಹುಸೇನಬಿ ರೊಟ್ಟಿಯನ್ನು ಮಡಿಚಿ ಕೊಡುವುದನ್ನು ನಿಲ್ಲಿಸಿ ತಾಟಿನಲ್ಲಿ ಹಾಕಿ ಸರಿಸಿದರು. ಇಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಎಂದೂ ಇದ್ದಿರಲಿಲ್ಲ. ಮೈಸೂರಿನಲ್ಲಿ ಒಂಟಿತನವೆಂದರೆ ಯಾರೂ ನಮ್ಮನ್ನು ಗಮನಿಸದಿರುವುದು. ಇಲ್ಲಿ ಎಲ್ಲರೂ ಗಮನಿಸುವುದೇ ಒಂಟಿತನ.

ಬೇಸಿಗೆ ಏರಿತು. ಬಾವಿಯಲ್ಲಿ ನೀರು ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಆರೋಗ್ಯ ಖಾತೆಯವನೊಬ್ಬ ಬಂದು ಕೆಂಪು ಔಷಧ ಹಾಕಿ ಹೋದ. ನೀರು ಒಂದು ದಿನ ಗುಲಾಬಿ ಬಣ್ಣಕ್ಕೆ ತಿರುಗಿ ಮತ್ತೆ ತಿಳಿಯಾಯಿತು. ಮರುದಿನ ನಾನು ಎಂದಿನಂತೆ ಸೀಸೆ ಹಿಡಿದು ಬಾವಿಗಿಳಿದದ್ದನ್ನು ಹತ್ತಾರು ಕಣ್ಣು ನೋಡಿದವು. ಅದೇ ವಾರ ಊರಿನ ಮಕ್ಕಳಿಗೆ ವಾಂತಿ-ಭೇದಿ ಹತ್ತಿತು. ಶಿವಪ್ಪನ ಕೂಸು ತೀರಿಕೊಂಡಿತು. ಇನ್ನೂ ಹೆಸರಿಟ್ಟಿರದ ಹೆಣ್ಣುಕೂಸು.

ಮಣ್ಣು ಮಾಡಿ ಬಂದವರು ಮನೆಗೆ ಹೋಗಲಿಲ್ಲ. ಬಾವಿಯ ಸುತ್ತ ಸೇರಿದರು. ನನಗೆ ಹೇಳಿಕಳಿಸಿದರು.

ಹುಸೇನಬಿ ನನ್ನ ಜೊತೆಗೇ ಬಂದರು. ಗಂಡಸರು ಮೇಲೆ ನಿಂತಿದ್ದರು, ಹೆಂಗಸರು ಮೆಟ್ಟಿಲ ಮೇಲೆ. ಮಲ್ಲನಗೌಡರು ಸಿಟ್ಟಿನಲ್ಲಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಅಕ್ಕಾರ, ನಾವು ಕೇಳೂದು ಒಂದ ಮಾತು. ನೀವು ಯಾರ ಕಡಿಯವರು?"

"ನಾನು ಯಾರ ಕಡೆಯವಳೂ ಅಲ್ಲ. ಓದುವವಳು."

"ಓದೂದು ಮೈಸೂರಾಗ ಇರ್ತೈತಿ. ಇಲ್ಲೇನ್ ಓದ್ತೀರಿ?"

"ನೀರು."

ಯಾರೋ ನಕ್ಕರು. ಇನ್ಯಾರೋ ಗದರಿದರು, "ನೀರಾಗ ಏನ್ ಹಾಕೀರಿ, ಅದನ್ನ ಹೇಳ್ರಿ!"

"ನಾನು ಏನೂ ಹಾಕಿಲ್ಲ. ತೆಗೆದುಕೊಂಡು ಹೋಗುತ್ತಿದ್ದೆ, ಅಷ್ಟೇ."

"ನಮ್ಮ ನೀರು ಸೀಸೇದಾಗ ಒಯ್ದು ಯಾರಿಗಿ ಕೊಡ್ತೀರಿ?"

ಉತ್ತರ ಕೊಟ್ಟಷ್ಟೂ ಪ್ರಶ್ನೆ ಹೆಚ್ಚಾಯಿತು. ಆಗ ಶಿವಪ್ಪ ಮುಂದೆ ಬಂದ. ಅವನ ಅಂಗೈಯಲ್ಲಿ ಇನ್ನೂ ಮಣ್ಣಿತ್ತು. ಒಂದು ಚರಿಗೆಯನ್ನು ಬಾವಿಯಲ್ಲಿ ಅದ್ದಿ ತುಂಬಿ ನನ್ನ ಮುಂದೆ ಹಿಡಿದ.

"ಇದನ್ನ ಕುಡೀರಿ. ನಾ ಬ್ಯಾರೆ ಏನೂ ಕೇಳಂಗಿಲ್ಲ."

ಚರಿಗೆ ತೆಗೆದುಕೊಂಡೆ. ನನಗೇ ಅರಿವಿಲ್ಲದೆ ಸೆರಗಿನ ತುದಿಯನ್ನು ಅದರ ಬಾಯಿಗೆ ಹಿಡಿದೆ. ತಿಂಗಳುಗಳ ರೂಢಿ. ಮೆಟ್ಟಿಲ ಮೇಲಿಂದ ಒಬ್ಬಳು ಕೂಗಿದಳು: "ನೋಡ್ರಿ, ಸೋಸಾಕತ್ತಾಳ! ಏನೋ ಹಾಕ್ಯಾಳ, ಅದಕ್ಕ ಸೋಸಾಕತ್ತಾಳ!"

ಸೋಸಿದರೆ ನಾನು ವಿಷ ಹಾಕಿದವಳು. ಸೋಸದಿದ್ದರೆ ಮೈರುನ್‌ಳ ಕಾಲು ನನ್ನದಾಗಬಹುದು. ವಾಂತಿ-ಭೇದಿಯಾದರೆ ಕಾಲಿನ ಮಾತೇ ಇಲ್ಲ. ಶಿವಪ್ಪನ ಮುಖ ನೋಡಿದೆ. ಅದರಲ್ಲಿ ದ್ವೇಷ ಇದ್ದಿದ್ದರೆ ಬಹುಶಃ ನಾನು ಕುಡಿಯುತ್ತಿರಲಿಲ್ಲ. ಅವನಿಗೆ ಒಂದು ಉತ್ತರ ಬೇಕಾಗಿತ್ತು, ಬೇರೇನೂ ಬೇಕಾಗಿರಲಿಲ್ಲ. ಸೆರಗು ಕೈಬಿಟ್ಟು ಪೂರ್ತಿ ಕುಡಿದೆ. ಉಗುರುಬೆಚ್ಚಗಿತ್ತು, ಪಾಚಿಯ ವಾಸನೆ ಇತ್ತು.

ಹುಸೇನಬಿ ನನ್ನ ಕೈಯಿಂದ ಚರಿಗೆ ಕಸಿದುಕೊಂಡು, ತಾವೇ ಅದ್ದಿ ತುಂಬಿ ಗಟಗಟನೆ ಕುಡಿದು, ಗೌಡರ ಕಡೆ ತಿರುಗಿದರು. "ಆತಿಲ್ಲೋ? ಇನ್ನ ಮನಿಗಿ ನಡೀರಿ ಎಲ್ಲಾರೂ."

ನನಗೆ ಆಗ ಬಂದದ್ದು ಸಿಟ್ಟು. ಎಲ್ಲರಿಗೂ ಕೇಳುವಂತೆ ಹೇಳಿದೆ: "ನಮ್ಮೂರಿನಲ್ಲಿ ಯಾರಿಗೂ ನಾರು ಬರುವುದಿಲ್ಲ. ಇಲ್ಲಿಗೆ ಬಂದ ಮೇಲೂ ನಾನು ಸೋಸಿದ ನೀರನ್ನೇ ಕುಡಿದಿದ್ದೇನೆ. ಇವತ್ತೊಂದು ದಿನ ಹಾಗೇ ಕುಡಿದೆ. ಬರುವ ಬೇಸಿಗೆಗೆ ನನ್ನ ಕಾಲು ನೋಡಿ. ನಾರು ಬಂದರೆ ಅದು ಈ ನೀರಿನದು."

ಮನೆಗೆ ಬಂದ ಮೇಲೆ ಹುಸೇನಬಿಯನ್ನು ಕೇಳಿಯೇಬಿಟ್ಟೆ. "ದಿನಾ ಗೌಡರ ಮನೆಗೆ ಯಾಕೆ ಹೋಗ್ತೀರಿ?"

"ನಿನ್ನ ಸುದ್ದಿ ಹೇಳಾಕ" ಎಂದರು, ಒಲೆಯ ಮುಂದಿನಿಂದ ತಲೆ ಎತ್ತದೆ. "ಏನ್ ಉಂಡಿ, ಏನ್ ಬರದಿ, ಸೀಸೇದಾಗ ಏನೈತಿ, ಎಲ್ಲಾ ಹೇಳ್ತೇನಿ. ಬಂದ ದಿನಾನ ಗೌಡ್ರು ಕೇಳಿದ್ರು."

"ನನಗೆ ಒಂದು ಮಾತು ಹೇಳಬಹುದಾಗಿತ್ತು."

"ಹೇಳಿದ್ರ ನೀ ಇರ್ತಿದ್ದಿ? ನಾ ಹೇಳಲಿಲ್ಲಂದ್ರ ಅವರು ತಮಗ ತಿಳದಂಗ ತಿಳಕೋತಿದ್ರು. ನಾ ಹೇಳಿದ್ದರಾಗ ಒಂದ ಅಕ್ಷರ ಸುಳ್ಳಿಲ್ಲ. ಅದಕ್ಕ ಇವತ್ತು ಚರಿಗಿ ಮ್ಯಾಲ ಮುಗೀತು. ಇಲ್ಲಂದ್ರ ಏನಾಗ್ತಿತ್ತೋ."

ನನ್ನ ಅನುಮಾನ ನಿಜವೇ ಆಗಿತ್ತು, ಪೂರ್ತಿ ನಿಜ. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನನ್ನನ್ನು ಒಪ್ಪಿಸುತ್ತ ಕಾಪಾಡಿದ್ದರೋ, ಕಾಪಾಡುವ ನೆಪದಲ್ಲಿ ಒಪ್ಪಿಸಿದ್ದರೋ ಇಂದಿಗೂ ಖಚಿತವಾಗಿ ಹೇಳಲಾರೆ. ಆ ರಾತ್ರಿ ಬೀಗ ಮಾತ್ರ ಹಾಕಲಿಲ್ಲ.

ವಾಂತಿ-ಭೇದಿ ನನಗೆ ಬರಲಿಲ್ಲ. ಮಳೆ ಬಂತು, ಹೋಯಿತು, ಜೋಳ ಬಿತ್ತಿದರು. ಊರಿಡೀ ನನ್ನ ಕಾಲುಗಳ ಮೇಲೆ ಕಣ್ಣಿಟ್ಟಿತು. ದಾರಿಯಲ್ಲಿ ಹೆಂಗಸರು ಸೀರೆಯ ಅಂಚು ಸ್ವಲ್ಪ ಎತ್ತಿಸಿ ನೋಡುವರು. "ಬಂತೇನ್ರಿ?" "ಇಲ್ಲ." "ಬರ್ತೈತಿ ತಗೋರಿ" ಎಂದು ಸಮಾಧಾನ ಹೇಳುವರು, ಬಸುರಿಗೆ ಹೇಳಿದ ಹಾಗೆ. ನನಗೂ ವಿಚಿತ್ರ ಆಸೆ. ಬಂದರೆ ಸಂಕಟ, ಬರದಿದ್ದರೆ ನನ್ನ ಮಾತು ಸುಳ್ಳು. ಸ್ನಾನ ಮಾಡುವಾಗ ಒಂದೊಂದು ಗುಳ್ಳೆಯನ್ನೂ ಒತ್ತಿ ನೋಡುತ್ತಿದ್ದೆ. ಪ್ರೊಫೆಸರರು ಹಿಂತಿರುಗಲು ಬರೆದರು. ಇನ್ನೊಂದು ಬೇಸಿಗೆ ಬೇಕೆಂದು ಉತ್ತರ ಬರೆದೆ, ಕಾರಣ ಬರೆಯಲಿಲ್ಲ.

ಯುಗಾದಿ ಕಳೆದ ಮೇಲೆ ಎಡಗಾಲಿನ ಕಣಕಾಲಿನಲ್ಲಿ ಉರಿ ಶುರುವಾಯಿತು. ಗುಳ್ಳೆ ಎದ್ದಿತು, ಒಡೆಯಿತು, ಬಿಳಿಯ ತುದಿ ಕಾಣಿಸಿತು. ಮೈರುನ್ ಅದನ್ನು ನೋಡಿ ಮೊದಲು ಚಪ್ಪಾಳೆ ತಟ್ಟಿದಳು, ಆಮೇಲೆ ನನ್ನ ಮುಖ ನೋಡಿ ಅತ್ತುಬಿಟ್ಟಳು. ಕಡ್ಡಿ ತಂದು ಸುತ್ತಲು ಕುಳಿತವಳು ಅವಳೇ. ನೋವಿಗೆ ನಾನು ಅವಳ ತೋಳನ್ನು ಹಿಡಿದು ಹಿಡಿದು ಉಗುರಿನ ಗುರುತು ಮೂಡಿಸಿದೆ. ಊರೆಲ್ಲ ಬಂದು ನೋಡಿತು. ಶಿವಪ್ಪನ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. ಮರುದಿನದಿಂದ ಅವಳ ಕೊಡದ ಬಾಯಿಗೆ ಹಳೆಯ ಧೋತರದ ಬಟ್ಟೆ ಬಂತು. ಅವಳನ್ನು ನೋಡಿ ಉಳಿದವರದೂ.

ಮಲ್ಲನಗೌಡರು ಮಾತ್ರ ಕಾಲನ್ನು ಬಗ್ಗಿ ನೋಡಿ, "ವರ್ಷಾತು ನೀವು ನಮ್ಮ ಜ್ವಾಳಾ ಉಂಡೀರಿ, ನಮ್ಮ ಬಿಸಲಾಗ ಅಡ್ಡಾಡೀರಿ. ನೀರಿಂದನ ಬಂತಂತ ಹೆಂಗ ಹೇಳ್ತೀರಿ?" ಎಂದರು. ಕಾಲು ಮಾಯ್ದ ಮೇಲೆ ಮೈಸೂರಿಗೆ ಹೋದಾಗ ಪ್ರೊಫೆಸರರು ಕೇಳಿದ್ದೂ ಅದನ್ನೇ. "ಒಂದೇ ಚರಿಗೆ ಅನ್ನೋದಕ್ಕೆ ಸಾಕ್ಷಿ ಏನು? ಅವರ ಮನೆ ಅಡುಗೆಯಲ್ಲಿ ಸೋಸದ ನೀರು ಇರಲಿಲ್ಲ ಅನ್ನೋದಕ್ಕೆ?" ಇಬ್ಬರನ್ನೂ ಎದುರುಬದುರು ಕೂರಿಸಿದ್ದರೆ ಒಳ್ಳೆಯ ಸ್ನೇಹಿತರಾಗುತ್ತಿದ್ದರು. ಇಬ್ಬರ ಅನುಮಾನದಲ್ಲೂ ನ್ಯಾಯವಿತ್ತು. ಆದರೆ ಪ್ರೊಫೆಸರರು ಇನ್ನೊಂದು ಮಾತು ಸೇರಿಸಿದರು: "ನೀನು ಈಗ ಅವರ ಕಡೆಯವಳಾಗಿದ್ದೀಯ. ನಿನ್ನ ಬರಹವನ್ನು ಹುಷಾರಾಗಿ ಓದಬೇಕಾಗುತ್ತೆ."

ನಾನು ಮತ್ತೆ ಹೋಗುವಷ್ಟರಲ್ಲಿ ಗೌಡರು ಬಾವಿಯ ಮೆಟ್ಟಿಲಿಗೆ ಗೋಡೆ ಕಟ್ಟಿಸಿ, ಮೇಲಿನಿಂದ ಸೇದುವ ರಾಟೆಗಳನ್ನು, ಅಲ್ಲಿಯವರ ಮಾತಿನಲ್ಲಿ ಗಾಲಿಗಳನ್ನು, ಹಾಕಿಸಿದ್ದರು. ಇನ್ನು ಯಾರ ಕಾಲೂ ನೀರಿಗೆ ತಾಗುವುದಿಲ್ಲ. ನಾನು ಕನಸಿನಲ್ಲಿ ಬಯಸಿದ್ದೂ ಅದನ್ನೇ. ಆದರೆ ಗೋಡೆಯ ಜೊತೆಗೆ ಶಿವಪ್ಪ ಉಳುವ ಹೊಲದೊಳಗಿಂದ ಬಾವಿಗೆ ಹೋಗುವ ಕಾಲುದಾರಿಯೂ ಮುಚ್ಚಿತ್ತು. ಗೋಡೆ ಕಟ್ಟಿಸಿದವರದೇ ಬಾವಿಯ, ಅದರ ಸುತ್ತಲಿನ ಹೊಲದ ಸ್ವಾಧೀನವೆಂದು ಗೌಡರ ವಕೀಲರು ಇಂಡಿಯಲ್ಲಿ ವಾದಿಸಿದರು. ದಲಿತರ ಕೇರಿಗೆ ಬೇರೆ ಗಾಲಿ, ಆಚೆಯ ಬದಿಯಲ್ಲಿ. ಮೊದಲೂ ಅವರನ್ನು ಮೆಟ್ಟಿಲು ಇಳಿಯಗೊಡುತ್ತಿರಲಿಲ್ಲ, ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಈಗ ಆ ದೂರಕ್ಕೆ ಕಲ್ಲು-ಗಾರೆಯ ಗುರುತು ಬಿತ್ತು. ಕಾನೂನು ಅದನ್ನು ಒಪ್ಪುವುದಿಲ್ಲವೆಂದು ಗೌಡರಿಗೆ ಹೇಳಿದೆ. "ಎಲ್ಲಾರಿಗೂ ಗಾಲಿ ಕೊಟ್ಟೇನಿ. ನಿಮ್ಮ ಕಾಯ್ದೆದಾಗ ಇನ್ನೇನೈತಿ?" ಎಂದರು. ರೋಗಕ್ಕೆ ಹೆದರಿ ಕಟ್ಟಿಸಿದರೋ, ವ್ಯಾಜ್ಯಕ್ಕಾಗಿ ಕಟ್ಟಿಸಿದರೋ?

ಶಿವಪ್ಪನನ್ನು ಹೊಲದ ಬದುವಿನಲ್ಲಿ ಕಂಡೆ. "ನಿಮ್ಮ ಕಾಲು ನೋಡೇ ನಾನೂ ಆ ಗ್ವಾಡಿಗಿ ಕಲ್ಲು ಹೊತ್ತೇನ್ರಿ ಅಕ್ಕಾರ" ಎಂದ. ಗ್ವಾಡಿ ಎಂದರೆ ಗೋಡೆ. "ಕಟ್ಟೂ ಮುಂದ ಗೊತ್ತಾಗಲಿಲ್ಲ. ಕಟ್ಟಿದ ಮ್ಯಾಲ ನೋಡಿದ್ರ ನನ್ನ ಹಾದಿನ ಇಲ್ಲ."

"ಕೋರ್ಟಿನಲ್ಲಿ ನಾನು ಬಂದು ಹೇಳ್ತೇನಿ. ಈ ದಾರಿಯಲ್ಲೇ ಎಲ್ಲರೂ ನೀರಿಗೆ ಹೋಗುತ್ತಿದ್ದದ್ದನ್ನು ನಾನು ಕಂಡಿದ್ದೇನೆ."

ಅವನು ನನ್ನನ್ನು ಅಳೆಯುವ ಹಾಗೆ ನೋಡಿದ. "ಖರೇನ ಹೇಳ್ತೀರಿ?"

ಹೇಳಿದೆ. ಇಂಡಿಗೆ ಹೋಗಿ ಕಟಕಟೆಯಲ್ಲಿ ನಿಂತು ಹೇಳಿದೆ. ಗೌಡರ ವಕೀಲರು ನಾನು ಯಾವ ಊರಿನವಳೆಂದು ಕೇಳಿದರು. ಮೈಸೂರು ಎಂದೆ. ಹಾಗಾದರೆ ಇಲ್ಲಿಯ ರೂಢಿ ನಿಮಗೆ ಹೇಗೆ ಗೊತ್ತು ಎಂದರು. ಇಲ್ಲಿದ್ದೇನೆ ಎಂದೆ. ಇದ್ದ ಮಾತ್ರಕ್ಕೆ ಇಲ್ಲಿಯವರಾಗುತ್ತಾರೆಯೆ ಎಂದರು. ವ್ಯಾಜ್ಯ ಇನ್ನೂ ನಡೆದಿದೆ. ಶಿವಪ್ಪ ಇನ್ನೂ ಆ ಹೊಲ ಉಳುತ್ತಿದ್ದಾನೆ. ಆಮೇಲೆ ಹುಟ್ಟಿದ ಅವನ ಮಗ ಓಡಾಡುತ್ತಾನೆ, ಅವನ ಕಾಲಿನಲ್ಲಿ ಹುಣ್ಣಿಲ್ಲ. ಊರಿನಲ್ಲಿ ನಾರು ಬಹಳ ಕಡಿಮೆಯಾಗಿದೆ.

ನಾನು ಸಾಕ್ಷಿ ಹೇಳಿದ ದಿನದಿಂದ ಗೌಡರ ವಾಡೆಯ ಬಾಗಿಲು ನನಗೆ ಮುಚ್ಚಿತು, ಹುಸೇನಬಿಗೂ ಮುಚ್ಚಿತು. ಅವರು ಅದನ್ನು ಎಂದೂ ಆಡಿ ತೋರಿಸಲಿಲ್ಲ. ನಾನೀಗ ಇಂಡಿಯಲ್ಲಿ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತೇನೆ. ಜನ ಕರೆದ ಹೆಸರು ಕೊನೆಗೂ ನಿಜವಾಯಿತು. ರಜೆ ಬಂದರೆ ಒಂದು ಸಲ ಊರಿಗೆ, ಒಂದು ಸಲ ಮೈಸೂರಿಗೆ.

ಕಳೆದ ದಸರೆಗೆ ಮೈಸೂರಿಗೆ ಹೋಗಿದ್ದೆ. ಅಮ್ಮ ಹುಳಿ, ಅನ್ನ, ಹಪ್ಪಳ ಬಡಿಸಿದರು. ಹುಳಿ ನನ್ನ ನಾಲಿಗೆಗೆ ಸಿಹಿಯೆನಿಸಿತು. ಖಾರದ ಪುಡಿ ಕೇಳಿದೆ. ಅಮ್ಮ ಒಂದು ಕ್ಷಣ ನಿಂತು ನನ್ನನ್ನೇ ನೋಡಿ ತಂದುಕೊಟ್ಟರು. ಊಟದ ಮಧ್ಯೆ ಬಿಕ್ಕಳಿಕೆ ಬಂತು. ಅವರು ನೀರು ಸುರಿಯುತ್ತಿದ್ದರೆ ನಾನು ಬೇಗಬೇಗನೆ, "ಸಾಕವ್ವಾ, ಸಾಕು" ಎಂದುಬಿಟ್ಟೆ.

ನಮ್ಮ ಮನೆಯಲ್ಲಿ ಅಮ್ಮನನ್ನು ಯಾರೂ ಅವ್ವ ಎಂದು ಕರೆದದ್ದಿಲ್ಲ.

ಅಮ್ಮ ಚೊಂಬನ್ನು ನೆಲಕ್ಕಿಟ್ಟರು. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಆಗ ಕೇಳಿದರು.

"ಅಲ್ಲಿ ಯಾರನ್ನೇ ಹಾಗೆ ಕರೀತೀಯ?"

"ಎಲ್ಲರನ್ನೂ" ಎಂದೆ.

"ಎಲ್ಲರನ್ನೂ ಕರೆಯೋ ಹಾಗೆ ಕೇಳಿಸ್ಲಿಲ್ಲ" ಎಂದು ಅಮ್ಮ ಮೊಸರು ತರಲು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.